ಅಳಿಯ ಕೇಳಿದ ಕಾರ್ಡು

ಕಜಕಸ್ತಾನದ ಕರಗಂದದಲ್ಲಿ ಅಕ್ಕನ ಮಗ ಬಾಯಿಬಿಟ್ಟು ಏನಾದರೂ ಕೇಳಿದರೆ ಸೋದರಮಾವ ಇಲ್ಲವೆನ್ನುವಂತಿಲ್ಲ. ಕುದುರೆ ಕೇಳಲಿ, ಕೋಟು ಕೇಳಲಿ, ಗೋಡೆಗೆ ತೂಗುಹಾಕಿದ ಅಜ್ಜನ ಬಂದೂಕನ್ನೇ ಕೇಳಲಿ, ಮೂರು ಸಲ ಕೇಳುವ ಹಕ್ಕು ಅವನದು. ಮಾವನಾದವನು ಮುಖ ಸಿಂಡರಿಸದೆ ತೆಗೆದು ಕೊಡಬೇಕು. ಅಳಿಯನ ಮೇಲೆ ಕೈಯೆತ್ತಿದವನ ಕೈ ಸಾಯುವ ತನಕ ನಡುಗುತ್ತದೆ ಎಂದು ಹಿರಿಯರು ಹೆದರಿಸಿಟ್ಟಿದ್ದಾರೆ. ಹಿರಿಯರಿಗೇನು, ಹೇಳಿದರು, ಹೋದರು. ಅವರ ಕಾಲದಲ್ಲಿ ಕೇಳುವುದಕ್ಕೆ ಇದ್ದದ್ದು ಆಡು, ಕುರಿ, ಕುದುರೆಯ ಜೀನು. ಗ್ರಾಫಿಕ್ಸ್ ಕಾರ್ಡು ಇರಲಿಲ್ಲ.

ಕಮ್ಶಾತಳ ಕಣ್ಣು ಕೆಡಲು ಶುರುವಾಗಿ ಕೆಲವು ವರ್ಷಗಳೇ ಆಗಿದ್ದವು. ಪೂರ್ತಿ ಕುರುಡಲ್ಲ. ನೇರವಾಗಿ ನೋಡಿದರೆ ನಡುವೆ ಒಂದು ಬೂದು ಕಲೆ, ಸುತ್ತಲಿನದೆಲ್ಲ ಕಾಣುತ್ತದೆ. ಎದುರಿಗೆ ನಿಂತವರ ಕಿವಿ ಕಾಣುತ್ತದೆ, ಮೂಗು ಕಾಣುವುದಿಲ್ಲ. ಓರೆಗಣ್ಣಲ್ಲಿ ನೋಡುವುದನ್ನು ಕಲಿತುಕೊಂಡಳು. "ನಾನೀಗ ಕೋಳಿ ಥರ ನೋಡೋದು" ಎಂದು ತಾನೇ ಹೇಳಿಕೊಂಡು ನಗುತ್ತಿದ್ದಳು. ಊರಿನ ರಂಗಮಂದಿರದ ಹೊಲಿಗೆಮನೆಯಲ್ಲಿ ಅವಳು ಕಟಿಂಗ್ ಮಾಸ್ಟರ್. ಖಾನನ ಮಖಮಲ್ಲಿನ ನಿಲುವಂಗಿಯಾಗಲಿ, ಮದುಮಗಳ ಎತ್ತರದ ಟೊಪ್ಪಿಗೆಯಾಗಲಿ, ಅವಳ ಕತ್ತರಿ ಮುಟ್ಟದೆ ವೇದಿಕೆ ಹತ್ತುತ್ತಿರಲಿಲ್ಲ. ಕಣ್ಣು ಮಸುಕಾದ ಮೇಲೂ ಕೆಲಸ ಬಿಟ್ಟಿರಲಿಲ್ಲ.

ಆದರೆ ಅವಳಿಗೆ ತನ್ನ ಕೈಯ ಮೇಲೆ ಒಂದು ಅನುಮಾನವಿತ್ತು. ಇಷ್ಟು ವರ್ಷ ಬಟ್ಟೆ ಕತ್ತರಿಸಿದ ಕೈ, ಗೆರೆ ಕಾಣದಿದ್ದರೂ ಅಭ್ಯಾಸಬಲದಿಂದ ಮುಂದೆ ಹೋಗಿಬಿಡುತ್ತದೆ. ಒಂದು ದಿನ ದುಬಾರಿ ಮಖಮಲ್ಲನ್ನು ಹಾಳುಮಾಡಿ, ಎಲ್ಲರೂ ಅಯ್ಯೋ ಪಾಪ ಎನ್ನುವ ಹಾಗಾಗಬಾರದು. ಆ ಕರುಣೆಯನ್ನು ಕಂಡರೆ ಅವಳಿಗೆ ಆಗುತ್ತಿರಲಿಲ್ಲ. ಅದಕ್ಕೇ ತನ್ನ ಕಣ್ಣನ್ನು ತಾನೇ ಪರೀಕ್ಷೆ ಮಾಡಿಕೊಳ್ಳಲು ಒಂದು ಉಪಾಯ ಹುಡುಕಿಕೊಂಡಿದ್ದಳು. ಅದು ಒಂದು ಹಳೇ ಆಟ.

ಅವಳೂ ಗಂಡ ಕೆಂಜೆಬೆಕ್ಕನೂ ಭೇಟಿಯಾದದ್ದೇ ಆ ಆಟದಿಂದ. ಆಗ ಊರಿನಲ್ಲಿ ನೆಲಮಾಳಿಗೆಯ ಅಂಗಡಿಗಳಿದ್ದವು. ಟಿವಿಗೆ ಜೋಡಿಸಿದ ಜಪಾನಿನ ಆಟದ ಪೆಟ್ಟಿಗೆಗಳ ಮುಂದೆ ಗಂಟೆಯ ಲೆಕ್ಕದಲ್ಲಿ ಕೂತು ಆಡಬಹುದಿತ್ತು. ಬೆಟ್ಟದ ದಾರಿಯಲ್ಲಿ ಕಾರು ಓಡಿಸುವ ಆಟದಲ್ಲಿ ಕಮ್ಶಾತಳನ್ನು ಸೋಲಿಸುವ ಗಂಡಸು ಆ ಅಂಗಡಿಯಲ್ಲಿ ಹುಟ್ಟಿರಲಿಲ್ಲ. ಸೋತು ಸೋತು ಸುಸ್ತಾದ ಕೆಂಜೆಬೆಕ್ ಕೊನೆಗೆ ಮದುವೆಯಾಗುತ್ತೀಯಾ ಎಂದು ಕೇಳಿದ. "ಇನ್ನೇನು ಮಾಡ್ಲಿ, ಗೆಲ್ಲೋಕಂತೂ ಆಗ್ಲಿಲ್ಲ" ಎನ್ನುವುದು ಮದುವೆಮನೆಗಳಲ್ಲಿ ಅವನು ಹೇಳುತ್ತಿದ್ದ ಮಾತು.

ಕಣ್ಣು ಹೋಗಲು ಶುರುವಾದಾಗ ಅದೇ ಗಂಡ ಆ ಆಟವನ್ನು ಮನೆಗೆ ತಂದ. ಊರಿಗೆಲ್ಲ ಬಿಸಿನೀರು ಹರಿಸುವ ಸ್ಥಾವರದಲ್ಲಿ ಅವನು ಫಿಟ್ಟರ್. ಕಂಪ್ಯೂಟರ್ ಅವನಿಗೆ ಅಷ್ಟಕ್ಕಷ್ಟೆ. ಹೇಳಿಕೊಟ್ಟವನು ಅಕ್ಕನ ಮಗ ಸಂಜರ್. ಕಂಪ್ಯೂಟರು ಆ ಹಳೇ ಪೆಟ್ಟಿಗೆಯ ವೇಷ ಹಾಕಿ ಅದರ ಆಟಗಳನ್ನು ಓಡಿಸುವ ಹಾಗೆ ಮಾಡುವ ಎಮ್ಯುಲೇಟರ್ ಎಂಬ ಸಾಫ್ಟ್‌ವೇರ್ ಇದೆ. ಅದರಲ್ಲಿ ಚಿತ್ರವನ್ನು ಮೂಲಕ್ಕಿಂತ ಎರಡು ಪಟ್ಟು, ನಾಲ್ಕು ಪಟ್ಟು, ಆರು ಪಟ್ಟು ಚೊಕ್ಕವಾಗಿ ಬಿಡಿಸಬಹುದು. ಆದರೆ ಅಷ್ಟು ಬಿಡಿಸಲು ಕಂಪ್ಯೂಟರಿನೊಳಗೆ ಗಟ್ಟಿ ಗ್ರಾಫಿಕ್ಸ್ ಕಾರ್ಡು ಬೇಕು. ಬಡಪಾಯಿ ಕಾರ್ಡಿಗೆ ಆರು ಪಟ್ಟು ಹೇರಿದರೆ ಕಾರು ಮುಗ್ಗರಿಸುತ್ತದೆ, ಇಂಜಿನ್ನಿನ ಸದ್ದು ಹರಿದ ತಮಟೆಯಂತಾಗುತ್ತದೆ. ಸಂಜರ್ ಹೇಳಿದ ಕಾರ್ಡನ್ನೇ ಕೆಂಜೆಬೆಕ್ ಅಲ್ಮಾತಿಯಿಂದ ತರಿಸಿದ, ಕಂಪ್ಯೂಟರನ್ನು ದೊಡ್ಡ ಟಿವಿಗೆ ಜೋಡಿಸಿದ, ಹೆಂಡತಿಯನ್ನು ಪರದೆಯಿಂದ ಒಂದು ಮೊಳ ದೂರದಲ್ಲಿ ಕೂರಿಸಿದ.

ಅಷ್ಟು ಹತ್ತಿರ ಕೂತರೆ ಮೂಲ ಚಿತ್ರ ಬರೀ ಇಟ್ಟಿಗೆ ಇಟ್ಟಿಗೆ. ಆರು ಪಟ್ಟಿಗೆ ಏರಿಸಿದ್ದೇ ತಡ, ರಸ್ತೆಯ ಅಂಚು ಗೆರೆ ಕೊರೆದ ಹಾಗೆ ನಿಂತಿತು. ಕಮ್ಶಾತ್ ಓರೆಗಣ್ಣಲ್ಲಿ ನೋಡಿ ಕಿರುಚಿದಳು. "ಕಾಣ್ತಿದೆ ಕಣೋ! ಆ ಹಳದಿ ಹಲಗೆ ಮೇಲಿನ ನಂಬರ್ ಕೂಡ ಕಾಣ್ತಿದೆ!"

ಅಂದಿನಿಂದ ಆ ಹಳದಿ ಹಲಗೆಯೇ ಅವಳ ಅಳತೆಗೋಲು. ಮೂರನೇ ತಿರುವಿನಲ್ಲಿ, ಸೇತುವೆಗೆ ಮುಂಚೆ ಬರುತ್ತದೆ, ಅದರ ಮೇಲಿನ ನಂಬರ್ ಪ್ರತಿ ಆಟಕ್ಕೂ ಬದಲಾಗುತ್ತದೆ. ಅದು ಓದಲು ಬಂದರೆ ಮರುದಿನ ಕತ್ತರಿ ಹಿಡಿಯಬಹುದು. ಚಳಿಗಾಲವಿಡೀ ಓದಲು ಬಂತು. "ಕೈ ಸುಳ್ಳು ಹೇಳತ್ತೆ, ಡಾಕ್ಟರ್ ಸಮಾಧಾನ ಹೇಳ್ತಾರೆ, ಆಟ ಮಾತ್ರ ಇದ್ದದ್ದು ಇದ್ದ ಹಾಗೆ ಹೇಳತ್ತೆ" ಎನ್ನುತ್ತಿದ್ದಳು. ಕೆಂಜೆಬೆಕ್ ಅದನ್ನು ಕೇಳಿಸಿಕೊಂಡು ಹೂಂಗುಟ್ಟುತ್ತಿದ್ದ.

ಫೆಬ್ರವರಿಯ ಒಂದು ಸಂಜೆ ಹಲಗೆ ಓದಲು ಬರಲಿಲ್ಲ.

ದಣಿವಿರಬೇಕು ಎಂದುಕೊಂಡಳು. ಮರುದಿನವೂ ಅಷ್ಟೆ. ನಂಬರ್ ಹಾಳಾಗಲಿ, ಹಲಗೆಯೇ ಹಳದಿ ಕಲೆಯಾಗಿತ್ತು. ರಸ್ತೆಯ ಅಂಚು ಕರಗಿದ ಬೆಣ್ಣೆಯ ಹಾಗೆ ಹರಡಿಕೊಂಡಿತ್ತು. ಕಾರು ಮಾತ್ರ ಸರಾಗವಾಗಿ ಓಡುತ್ತಿತ್ತು, ಇಂಜಿನ್ನಿನ ಸದ್ದಿನಲ್ಲಿ ಒಂದು ಕೊಂಕೂ ಇರಲಿಲ್ಲ. ಹಾಗಾಗಿ ತಪ್ಪು ಆಟದ್ದಲ್ಲ, ಕಣ್ಣಿನದ್ದೇ.

"ಕೆಂಜೆ, ಒಂಚೂರು ನೋಡು. ನಿಂಗೆ ಸರಿಯಾಗಿ ಕಾಣ್ತಿದೆಯಾ?"

"ನಂಗೆ ಎಲ್ಲಾ ಮೊದಲಿನ ಹಾಗೇ ಇದೆ" ಎಂದ ಕೆಂಜೆಬೆಕ್, ಅಡುಗೆಮನೆಯಿಂದಲೇ.

"ಇಲ್ಲಿ ಬಂದು ನೋಡೋ."

ಬಂದ, ನೋಡಿದ. "ಚೊಕ್ಕವಾಗಿದೆ ಕಣೆ. ಡಾಕ್ಟರ್ ಹೇಳಿದ್ರಲ್ಲ, ಒಂದಲ್ಲ ಒಂದು ದಿನ ಹೀಗಾಗತ್ತೆ ಅಂತ."

ಕಮ್ಶಾತ್ ಅಂದು ಅತ್ತಳು. ಸುಮ್ಮನೆ ಕಣ್ಣೊರೆಸಿಕೊಳ್ಳುವ ಅಳುವಲ್ಲ, ನೆಲದ ಮೇಲೆ ಕೂತು ಮೊಣಕಾಲಿಗೆ ಹಣೆ ಬಡಿದುಕೊಂಡು ಅತ್ತಳು. ಅವನು ಪಕ್ಕದಲ್ಲಿ ಕೂತು ಬೆನ್ನು ಸವರಿದ, ಹಾಲು ಹಾಕಿದ ಚಹಾ ಮಾಡಿ ತಂದ, ಕಪ್ಪನ್ನು ಅವಳ ಕೈಗೆ ಹಿಡಿಸಿ ಬೆರಳು ಮಡಿಸಿದ. ಎಂಥಾ ಗಂಡನನ್ನು ಕೊಟ್ಟೆ ದೇವರೇ ಎಂದುಕೊಂಡಳು ಅವಳು. ಹೌದು, ಹಾಗೇ ಅಂದುಕೊಂಡಳು.

ನಾಳೆಯೇ ಡಾಕ್ಟರ ಹತ್ತಿರ ಹೋಗೋಣ ಎಂದದ್ದಕ್ಕೆ ಅವನು ಒಪ್ಪಲಿಲ್ಲ. "ಏಪ್ರಿಲ್‌ನಲ್ಲಿ ಹೇಗೂ ಹೋಗ್ಬೇಕಲ್ಲ. ಈ ಹಿಮದಲ್ಲಿ ಅಷ್ಟು ದೂರ ಹೋಗಿ ಏನು ಕೇಳಿಸ್ಕೊಂಡು ಬರ್ತೀಯ? ಗೊತ್ತಿರೋದನ್ನೇ ಹೇಳ್ತಾರೆ, ಮನಸ್ಸಿಗೆ ಇನ್ನಷ್ಟು ನೋವು." ಎಷ್ಟು ಪ್ರೀತಿಯಿಂದ ಹೇಳಿದನೆಂದರೆ ಕಮ್ಶಾತ್ ಸುಮ್ಮನಾದಳು.

ಆ ವಾರವೇ ಹೊಲಿಗೆಮನೆಯಲ್ಲಿ ಕತ್ತರಿ ಕೆಳಗಿಟ್ಟಳು. ಚಹಾ, ಎಣ್ಣೆಯಲ್ಲಿ ಕರಿದ ಬೌರ್ಸಾಕ್, ಸಿಹಿತಿಂಡಿ ಎಲ್ಲ ಇಟ್ಟು, ತನ್ನ ಕೈಕೆಳಗೆ ಕಲಿತ ಲ್ಯೂಬಾಳನ್ನು ಎದುರಿಗೆ ನಿಲ್ಲಿಸಿ, ಎರಡೂ ಅಂಗೈ ಮುಂದೆ ಹಿಡಿದು ಹರಸಿ, ಉದ್ದ ಕತ್ತರಿಯನ್ನು ಅವಳಿಗೊಪ್ಪಿಸಿದಳು. ಹಾಗೆ ಹರಸಿ ಕೊಟ್ಟದ್ದನ್ನು ವಾಪಸು ಕೇಳುವ ಪದ್ಧತಿ ಇಲ್ಲ. ಮನೆಗೆ ಕರೆದುಕೊಂಡು ಹೋಗಲು ಬಂದಿದ್ದ ಕೆಂಜೆಬೆಕ್ ಬಾಗಿಲಲ್ಲಿ ನಿಂತು ಎಲ್ಲವನ್ನೂ ನೋಡಿದ. ಅವನ ಕಣ್ಣಲ್ಲೂ ನೀರಿತ್ತು ಎಂದು ಲ್ಯೂಬಾ ಆಮೇಲೆ ಹೇಳಿದಳು. ಆ ನೀರಿಗೆ ಏನು ಬೆಲೆ ಕಟ್ಟೋಣ, ನೀವೇ ಹೇಳಿ.

ಮಾರ್ಚ್ ಕೊನೆಯಲ್ಲಿ ಸಂಜರನ ಮಗುವಿಗೆ ಕಾಲಿನ ದಾರ ಕತ್ತರಿಸುವ ಶಾಸ್ತ್ರ. ಮಗು ಮೊದಲ ಹೆಜ್ಜೆ ಇಡುವಾಗ ಕಾಲಿಗೆ ಕಪ್ಪು ಬಿಳಿ ದಾರ ಕಟ್ಟಿ, ಚುರುಕು ನಡೆಯ ಹೆಂಗಸೊಬ್ಬಳ ಕೈಯಲ್ಲಿ ಕತ್ತರಿಸುತ್ತಾರೆ, ಮಗುವೂ ಅವಳ ಹಾಗೇ ಆಗಲಿ ಎಂದು. ಆ ಮನೆತನದ ಮಕ್ಕಳ ದಾರವನ್ನೆಲ್ಲ ಕಮ್ಶಾತಳೇ ಕತ್ತರಿಸಿದ್ದು. ಸಂಜರನ ತಾಯಿ ಬತಿಮಾ ಈ ಸಲವೂ ಕತ್ತರಿ ಮುಂದೆ ಚಾಚಿದಳು.

"ಬಾರೆ ಕಮ್ಶಾತ್, ಇದು ನಿನ್ನ ಕೆಲಸ."

"ಬೇಡ ಅತ್ತಿಗೆ. ನನ್ನ ಕಣ್ಣು ಹೋಯ್ತು. ದಾರ ಅಂತ ಮಗುವಿನ ಕಾಲಿಗೇ ಹಾಕಿಬಿಟ್ಟೇನು."

ಬೇರೊಬ್ಬ ಹೆಂಗಸು ದಾರ ಕತ್ತರಿಸಿದಳು. ಮಗು ತಪ್ಪುಹೆಜ್ಜೆ ಹಾಕಿಕೊಂಡು ಓಡಿತು, ಎಲ್ಲರೂ ಮಿಠಾಯಿ ಎರಚಿದರು. ಕಮ್ಶಾತ್ ಮೂಲೆಯ ಕುರ್ಚಿಯಲ್ಲಿ ಕೂತು ಚಪ್ಪಾಳೆ ತಟ್ಟಿದಳು.

ಊಟವಾಯಿತು. ಹಿರಿಯರು ಕುದುರೆಮಾಂಸದ ತಟ್ಟೆಯ ಸುತ್ತ ಉಳಿದರು, ಕಿರಿಯರು ಸಂಜರನ ಕೋಣೆಗೆ ನುಗ್ಗಿದರು. ಅಲ್ಲಿಂದ ಒಂದು ಸದ್ದು ಬಂತು. ಇಂಜಿನ್ನಿನ ಸದ್ದು. ಕಮ್ಶಾತಳ ಕಿವಿ ನೆಟ್ಟಗಾಯಿತು. ಎದ್ದು ಗೋಡೆ ಹಿಡಿದು ಹೋದಳು.

"ಅತ್ತೆ ಬಂದ್ರು, ದಾರಿ ಬಿಡ್ರೋ! ಇವರು ಯಾರು ಗೊತ್ತಾ, ಈ ಆಟದ ರಾಣಿ" ಎಂದ ಸಂಜರ್. ಇಪ್ಪತ್ತಾರರ ಹುಡುಗ, ಬಾಯಿ ದೊಡ್ಡದು, ಮನಸ್ಸಿನಲ್ಲಿ ಕಪಟವಿಲ್ಲ. "ಕೂತ್ಕೊಳಿ ಅತ್ತೆ, ಇವರಿಗೆಲ್ಲಾ ಒಂದು ಪಾಠ ಕಲಿಸಿ."

"ನಂಗೆಲ್ಲಿ ಕಾಣತ್ತಪ್ಪ ಈಗ. ಬರೀ ಕೈ ನೆನಪಲ್ಲಿ ಆಡ್ತೀನಿ, ನಗಬೇಡಿ" ಎಂದು ಕಮ್ಶಾತ್ ಪರದೆಯಿಂದ ಒಂದು ಮೊಳ ದೂರದಲ್ಲಿ ಕೂತಳು. ಮುಖ ಓರೆ ಮಾಡಿದಳು. ಕಾರು ಹೊರಟಿತು.

ಮೊದಲ ತಿರುವು ಬಂತು. ರಸ್ತೆಗೆ ಅಂಚಿತ್ತು. ಅಂಚಿಗೆ ಬಿಳಿ ಗೆರೆಯಿತ್ತು. ದೂರದ ಕಂಬಗಳು ಒಂದೊಂದಾಗಿ ಎಣಿಸುವ ಹಾಗೆ ನಿಂತಿದ್ದವು. ಎರಡನೇ ತಿರುವು. ಮೂರನೇ ತಿರುವು. ಹಳದಿ ಹಲಗೆ ಬಂತು, ಅದರ ಮೇಲೆ ಕಪ್ಪು ಅಕ್ಷರದಲ್ಲಿ ನಂಬರ್. ಅವಳು ಅದನ್ನು ಜೋರಾಗಿ ಓದಿದಳು. ಕಾರು ಸೇತುವೆಗೆ ಗುದ್ದಿ ನಿಂತಿತು, ಯಾರಿಗೆ ಬೇಕು ಕಾರು!

"ಸುಯಿಂಶಿ!" ಎಂದು ಕೂಗಿದಳು ಕಮ್ಶಾತ್. "ಸುಯಿಂಶಿ ಕೊಡಿ ಎಲ್ಲರೂ! ನನ್ನ ಕಣ್ಣು ಬಂತು! ನಂಬರ್ ಓದಿದೆ ನಾನು, ಓದಿದೆ!"

ಶುಭಸುದ್ದಿ ತಂದವರು ಹಾಗೆ ಕೂಗಿದರೆ ಕೈಗೆ ಸಿಕ್ಕಿದ್ದನ್ನು ಕೊಡದೆ ಕೂರುವ ಹಾಗಿಲ್ಲ. ದೊಡ್ಡಕೋಣೆಯಿಂದ ಮುದುಕಿಯರು ಎದ್ದುಬಿದ್ದು ಬಂದರು. ಒಬ್ಬಳು ತಲೆಯ ರೇಷ್ಮೆ ವಸ್ತ್ರ ಬಿಚ್ಚಿ ಅವಳ ಹೆಗಲಿಗೆ ಹೊದಿಸಿದಳು. ಬತಿಮಾ ಬೆರಳಿನ ಬೆಳ್ಳಿಯುಂಗುರ ಜಗ್ಗಿ ತೆಗೆದು ಅವಳ ಅಂಗೈಗೆ ಒತ್ತಿದಳು. ಅಲ್ಲಾಹು ದೊಡ್ಡವನು, ದಾರ ಕತ್ತರಿಸಿದ ಗಳಿಗೆ ಒಳ್ಳೆಯದು, ಮಗುವಿನ ಕಾಲ್ಗುಣ ಎಂದು ಎಲ್ಲರೂ ಒಟ್ಟಿಗೇ ಮಾತಾಡಿದರು. ಕಮ್ಶಾತ್ ನಗುತ್ತಾ ಅಳುತ್ತಾ ಗಂಡನನ್ನು ಕರೆದಳು.

"ಕೆಂಜೆ! ಎಲ್ಲಿದ್ದೀಯೋ? ನೀನೇನು ಕೊಡ್ತೀಯ ನಂಗೆ?"

ಕೆಂಜೆಬೆಕ್ ಬಾಗಿಲಲ್ಲೇ ಇದ್ದ. ಮುಖ ಅವಳಿಗೆ ಕಾಣಲಿಲ್ಲ, ಅಲ್ಲಿ ಬೂದು ಕಲೆ.

"ಅಲ್ಲ ಅತ್ತೆ" ಎಂದ ಸಂಜರ್, ಇನ್ನೂ ನಗುತ್ತಲೇ, "ಇಷ್ಟು ಖುಷಿ ಯಾಕೆ? ಇದು ನಿಮ್ಮದೇ ಕಾರ್ಡಲ್ವಾ? ಮೊದಲೂ ಹೀಗೇ ಕಾಣ್ತಿತ್ತಲ್ಲ ನಿಮಗೆ, ಆರು ಪಟ್ಟಲ್ಲಿ."

"ನಮ್ಮದು ನಮ್ಮ ಮನೇಲಿದೆಯಲ್ಲೋ."

"ಅದು ನನ್ನ ಹಳೇದು. ಮಾವ ಹೇಳಿಲ್ವಾ? ಹೊಸ ಮನೆಗೆ ಅಂತ ಫೆಬ್ರವರೀಲಿ ಕೇಳ್ದೆ, ಅದು ನನ್ನ ಮೂರನೇ ಕೇಳಿಕೆ. ತೆಗೆದು ಕೊಟ್ರು. ನನ್ನದನ್ನ ನಿಮ್ಮದಕ್ಕೆ ಹಾಕಿದ್ರು." ಅವನ ನಗು ಈಗ ಸ್ವಲ್ಪ ತಡವರಿಸಿತು. "ನಾನು ಕೇಳ್ದೆ ಅತ್ತೆ, ದೇವರಾಣೆ, ಅತ್ತೆಗೆ ಬೇಡ್ವಾ ಮಾವ ಅಂತ. ಅವಳಿಗೆ ಈಗ ಯಾವುದು ಹಾಕಿದ್ರೂ ಒಂದೇ, ಗೊತ್ತಾಗಲ್ಲ ಅಂದ್ರು. ನಿಮ್ಮ ಕಣ್ಣು ಅಷ್ಟರಲ್ಲೇ ಪೂರ್ತಿ ಹೋಗಿದೆ ಅಂದ್ಕೊಂಡೆ ನಾನು."

ಇಂಜಿನ್ ಇನ್ನೂ ಗುರುಗುಟ್ಟುತ್ತಿತ್ತು. ಯಾರೋ ಅದನ್ನು ಆರಿಸಿದರು.

ಕಮ್ಶಾತಳಿಗೆ ಎಲ್ಲವೂ ಒಂದರ ಹಿಂದೊಂದು ಅರ್ಥವಾಗುತ್ತಾ ಹೋಯಿತು. ಅಳಿಯನ ಹಳೇ ಕಾರ್ಡಿಗೆ ಆರು ಪಟ್ಟು ಹೊರುವ ಶಕ್ತಿಯಿಲ್ಲ. ಹಾಗೇ ಬಿಟ್ಟಿದ್ದರೆ ಕಾರು ಮುಗ್ಗರಿಸುತ್ತಿತ್ತು, ಸದ್ದು ಒಡೆಯುತ್ತಿತ್ತು, ಅವಳ ಕೈಗೂ ಕಿವಿಗೂ ಮೊದಲ ದಿನವೇ ಗೊತ್ತಾಗುತ್ತಿತ್ತು. ಅದಕ್ಕೇ ಕೆಂಜೆಬೆಕ್ ಚೊಕ್ಕತನವನ್ನು ತಳಕ್ಕಿಳಿಸಿದ್ದ. ಓಟ ಸರಾಗ, ಚಿತ್ರ ಮಸುಕು. ಮಸುಕಾದರೆ ಬೈಗುಳ ಬೀಳುವುದು ಅವಳ ಕಣ್ಣಿಗೆ ತಾನೆ! ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ. ಅಕ್ಕನ ಮಗನ ಮುಂದೆ ಮಾವನ ಮರ್ಯಾದೆ ಉಳಿಯಿತು, ಹೆಂಡತಿಯ ಮುಂದೆ ಗಂಡನ ಮರ್ಯಾದೆಯೂ ಉಳಿಯಿತು.

ಅವಳು ಎದ್ದಳು. ರೇಷ್ಮೆ ವಸ್ತ್ರ ತೆಗೆದು ಮಡಿಸಿ ಕುರ್ಚಿಯ ಮೇಲಿಟ್ಟಳು. ಉಂಗುರವನ್ನು ಬತಿಮಾಳ ಕೈ ಹುಡುಕಿ ಅದರಲ್ಲಿಟ್ಟಳು. "ತಗೊಳ್ಳಿ ಅತ್ತಿಗೆ. ಸುದ್ದಿ ಸುಳ್ಳಾಯ್ತು."

"ಅಯ್ಯೋ, ಒಂದು ಆಟದ ಸಾಮಾನಿಗೆ ಇಷ್ಟು ರಂಪ ಯಾಕೆ?" ಎಂದಳು ಬತಿಮಾ. "ಅಳಿಯ ಕೇಳಿದ, ಮಾವ ಕೊಟ್ಟ. ನಮ್ಮಲ್ಲಿ ಇಲ್ಲದ್ದಾ ಇದು?"

"ರಂಪ ಎಲ್ಲಿ ಮಾಡ್ದೆ? ಕೋಟು ಎಲ್ಲಿದೆ ಹೇಳಿ, ಸಾಕು."

ಮನೆ ಸೇರಿ ಬೂಟು ಕಳಚುವಾಗ ಕೆಂಜೆಬೆಕ್ ಶುರುಮಾಡಿದ.

"ನಮ್ಮಮ್ಮ ಸತ್ತ ಮೇಲೆ ಅಕ್ಕನೇ ನನ್ನನ್ನ ಸಾಕಿದ್ದು ಕಣೆ. ಅವಳ ಮಗ ಬಾಯಿಬಿಟ್ಟು ಕೇಳ್ದಾಗ ಇಲ್ಲ ಅನ್ನೋಕೆ ನಾಲಿಗೆ ಹೇಗೆ ಬರತ್ತೆ?"

"ಕೊಟ್ಟಿದ್ದಕ್ಕೆ ನಾನೇನಾದ್ರೂ ಅಂದ್ನಾ? ನನ್ನನ್ನ ಕೇಳಿದ್ರೆ ನಾನೇ ಧೂಳು ಒರೆಸಿ ಕೊಡ್ತಿದ್ದೆ. ನಾನೂ ಈ ಮನೆ ಸೊಸೆ, ನಂಗೂ ಗೊತ್ತು ಪದ್ಧತಿ."

"ನಿಂಗೆ ಬೇಜಾರಾಗತ್ತೆ ಅಂತ ಹೇಳ್ಲಿಲ್ಲ."

"ನಾನು ಅಲ್ಲಿ ನೆಲದ ಮೇಲೆ ಕೂತು ಅಳ್ತಾ ಇದ್ದೆ ಕೆಂಜೆ. ನೀನೆಲ್ಲಿದ್ದೆ?"

"ಪಕ್ಕದಲ್ಲೇ ಇದ್ದೆ."

"ಪಕ್ಕದಲ್ಲೇ ಇದ್ದೆ. ಚಹಾ ಮಾಡಿ ಕೊಟ್ಟೆ. ಡಾಕ್ಟರ್ ಹತ್ರ ಹೋಗೋಣ ಅಂದ್ರೆ ಹಿಮ ಅಂದೆ. ಹೋಗಿದ್ರೆ ಅವರು ಕಣ್ಣು ಹಾಗೇ ಇದೆ ಅಂತಿದ್ರು, ನಿನ್ನ ಬಣ್ಣ ಬಯಲಾಗ್ತಿತ್ತು, ಅಲ್ವಾ? ನಾನು ಕತ್ತರಿ ಕೊಡ್ತಾ ಇದ್ದಾಗ ಬಾಗಿಲಲ್ಲಿ ನಿಂತಿದ್ದೆಯಲ್ಲೋ! ಆಗ ಒಂದು ಮಾತು, ಒಂದೇ ಒಂದು ಮಾತು ಹೇಳೋಕೆ ಆಗ್ಲಿಲ್ವಾ ನಿಂಗೆ?"

"ಹೇಳೋಣ ಅಂದ್ಕೊಂಡೆ. ಅಷ್ಟರಲ್ಲಿ ತಡ ಆಗೋಗಿತ್ತು."

ಕಣ್ಣಿಗೆ ಮಣ್ಣೆರಚುವುದು ಎಂದು ಜನ ಆಡುವ ಮಾತಿದೆ. ಕಣ್ಣಿಲ್ಲದವಳ ಕಣ್ಣಿಗೇ ಎರಚಿದವನನ್ನು ಏನೆನ್ನಬೇಕೋ ಕಮ್ಶಾತಳಿಗೆ ಹೊಳೆಯಲಿಲ್ಲ. ನಂಬಿಸಿ ಕತ್ತು ಕೊಯ್ದೆ ಎನ್ನಬೇಕೆಂದುಕೊಂಡಳು, ಅದೂ ಸಾಲದೆನಿಸಿತು. ಬಾಗಿಲು ಹಾಕಿಕೊಂಡು ಮಲಗಿದಳು.

ಮರುದಿನ ಬೆಳಿಗ್ಗೆಯೇ ಸಂಜರ್ ಕಾರ್ಡು ಹಿಡಿದುಕೊಂಡು ಬಂದ. ಹುಡುಗ ಕಣ್ಣೆತ್ತಿ ನೋಡಲಾರದೆ ಕಂಪ್ಯೂಟರಿನ ಹೊಟ್ಟೆ ಬಿಚ್ಚಿ, ಕಾರ್ಡು ಕೂರಿಸಿ, ಆರು ಪಟ್ಟಿಗೆ ಏರಿಸಿ, "ಅತ್ತೆ, ನಂಗೆ ಗೊತ್ತಿರ್ಲಿಲ್ಲ" ಎಂದು ನಾಲ್ಕು ಸಲ ಹೇಳಿ ಹೋದ. ಅವನ ಮೇಲೆ ಅವಳಿಗೆ ಸಿಟ್ಟಿರಲಿಲ್ಲ. ಸಂಜೆ ಕೂತು ಆಡಿದಳು. ಹಲಗೆ ಓದಲು ಬಂತು. ಕೆಂಜೆಬೆಕ್ ಹಿಂದೆ ನಿಂತು, "ನೋಡಿದ್ಯಾ, ಮೊದಲಿನ ಹಾಗೇ ಆಯ್ತಲ್ಲ" ಎಂದ. ಅವಳು ಆಟ ಆರಿಸಿ ಎದ್ದಳು. ಅತ್ತ ಲ್ಯೂಬಾಳಿಗೆ ವಿಷಯ ತಿಳಿದು ಫೋನ್ ಮಾಡಿ, ಕತ್ತರಿ ವಾಪಸು ತಗೊಳ್ಳಿ ಅಕ್ಕಾ ಎಂದು ಗೋಗರೆದಳು. ಹರಸಿ ಕೊಟ್ಟದ್ದು ನಿನ್ನದು, ನಾನು ಕೇಳುವ ಹಾಗಿಲ್ಲ ಎಂದಳು ಕಮ್ಶಾತ್. ಅಳಿಯ ಮೂರು ಸಲ ಕೇಳಬಹುದು. ಅವಳು ತನ್ನದನ್ನು ಒಂದು ಸಲವೂ ಕೇಳುವ ಹಾಗಿರಲಿಲ್ಲ.

ಏಪ್ರಿಲ್‌ನಲ್ಲಿ ಡಾಕ್ಟರು ನೋಡಿ, ಕಳೆದ ವರ್ಷಕ್ಕಿಂತ ಏನೂ ಕೆಟ್ಟಿಲ್ಲ ಎಂದರು. ಎರಡು ಬಗೆಯ ಹನಿ ಬರೆದುಕೊಟ್ಟರು, ಬೆಳಿಗ್ಗೆಗೊಂದು, ಸಂಜೆಗೊಂದು. ಎರಡೂ ಒಂದೇ ಗಾತ್ರದ ಬಿಳಿ ಶೀಶೆ, ಮೇಲೆ ಇರುವೆಯಂಥ ಅಕ್ಷರ. ಕೆಂಜೆಬೆಕ್ ಔಷಧಿ ತಂದು, ಒಂದು ಶೀಶೆ ತೆಗೆದು ಅವಳ ಅಂಗೈ ಮೇಲಿಟ್ಟ. ಕಪ್ಪಿಗೆ ಬೆರಳು ಮಡಿಸಿದ ಹಾಗೇ ಅದರ ಸುತ್ತ ಬೆರಳು ಮಡಿಸಲು ಬಂದ. ಅವಳು ಕೈ ಹಿಂದಕ್ಕೆ ಎಳೆದುಕೊಂಡಳು.

"ಇದು ಸಂಜೇದು" ಎಂದ.

ಕಮ್ಶಾತ್ ಶೀಶೆಯನ್ನು ಕಣ್ಣಿನ ಪಕ್ಕಕ್ಕೆ ಹಿಡಿದು ನೋಡಿದಳು. ಓದಲು ಬರಲಿಲ್ಲ.

"ಸಂಜೇದೇ ಕಣೆ, ನಾನು ಓದಿದೆ" ಎಂದ ಅವನು ಮತ್ತೆ.

ಅವಳು ಎದ್ದು ಹೊರಬಾಗಿಲು ತೆಗೆದಳು. ಎದುರುಮನೆಯ ಫ್ರೀದಾ ಮುದುಕಿ ಮೆಟ್ಟಿಲು ತೊಳೆಯುವ ಸರದಿಯ ಜಗಳದಲ್ಲಿ ಇವಳನ್ನು ಬಾಯಿಗೆ ಬಂದ ಹಾಗೆ ಬೈದು, ಎರಡು ವರ್ಷದಿಂದ ಮುಖ ತಿರುಗಿಸಿಕೊಂಡು ಓಡಾಡುತ್ತಿದ್ದಳು. ಕಮ್ಶಾತ್ ಆ ಬಾಗಿಲು ಬಡಿದಳು. ಫ್ರೀದಾ ತೆರೆದು, ಇವಳನ್ನು ಕಂಡು ಹುಬ್ಬು ಗಂಟಿಕ್ಕಿದಳು.

"ಏನು?"

"ಇದರ ಮೇಲೆ ಏನು ಬರೆದಿದೆ ಅಂತ ಸ್ವಲ್ಪ ಓದಿ ಹೇಳ್ತೀರಾ?"

ಫ್ರೀದಾ ಶೀಶೆಯನ್ನು ನೋಡಿದಳು. ಆಮೇಲೆ ಕಮ್ಶಾತಳ ಹೆಗಲ ಮೇಲಿಂದ, ತೆರೆದ ಬಾಗಿಲಲ್ಲಿ ಕನ್ನಡಕ ಹಾಕಿಕೊಂಡೇ ನಿಂತಿದ್ದ ಕೆಂಜೆಬೆಕ್ಕನನ್ನು ನೋಡಿದಳು.

"ಗಂಡ ಅಲ್ಲೇ ಇದ್ದಾನಲ್ಲ. ಅವನಿಗೆ ಓದೋಕೆ ಬರಲ್ವಾ?"

"ಬರತ್ತೆ" ಎಂದಳು ಕಮ್ಶಾತ್. "ನೀವು ಓದಿ."